ಸ್ವಹಸ್ತದಿಂದ ಒಂದು ಕೈಗಡಿಯಾರ

1961ರಲ್ಲಿ ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ ಕೈಗಡಿಯಾರಗಳ ತಯಾರಿಕೆಗೆ ತೊಡಗಿದ ಮೇಲೆ, ಚಾವಿ ಕೊಡುವ ಗಡಿಯಾರವು ಸಾಮಾನ್ಯ ಗುಮಾಸ್ತನ ಕೈಯನ್ನೂ ಅಲಂಕರಿಸಿತು. 2016ರಲ್ಲಿ ಆ ಗಡಿಯಾರ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರಕಾರವು ನಿರ್ಧರಿಸಿತು. ಆದರೆ ಯಂತ್ರದ ಟಿಕ್‌ಟಿಕ್ ನಾದದ ಮೋಹವು ಜನರನ್ನು ಬಿಟ್ಟಿಲ್ಲ. ಬಿಡಿಭಾಗಗಳನ್ನು ಕೊಂಡು ತಾನೇ ಗಡಿಯಾರವನ್ನು ಜೋಡಿಸುವ ಹವ್ಯಾಸವು ಇಂದು ದೇಶವಿದೇಶಗಳಲ್ಲಿ ಹಬ್ಬಿದೆ. ನಮ್ಮ ಬಂಧುಗಳಿಗೂ ಇದು ಅಸಾಧ್ಯವಾದುದೇನಲ್ಲ.

ಹೊಸಬನು ಹಲ್ಲುಚಕ್ರಗಳನ್ನು ಬಿಚ್ಚಬೇಕಾಗಿಲ್ಲ. ಸಿದ್ಧವಾದ ಯಂತ್ರವೇ ದೊರೆಯುತ್ತದೆ. ಸೈಕೋ ಸಮೂಹದ ಎನ್.ಎಚ್. 35 ಇದಕ್ಕೆ ಹೆಸರಾದುದು. 24 ಕಲ್ಲುಗಳುಳ್ಳ ಈ ಯಂತ್ರವು ಕೈಯ ಚಲನೆಯಿಂದಲೇ ಸ್ಪ್ರಿಂಗನ್ನು ಸುತ್ತಿಕೊಳ್ಳುತ್ತದೆ. ಪೂರ್ತಿ ಸುತ್ತಿದರೆ ಸುಮಾರು 41 ಗಂಟೆ ನಡೆಯುತ್ತದೆ. ಗಂಟೆಗೆ 21,600 ಬಡಿತ, ಎಂದರೆ ಸೆಕೆಂಡಿಗೆ ಆರು! ಇದಕ್ಕೆ ಒಪ್ಪುವ ಕವಚ, ಡಯಲ್, ಮೂರು ಮುಳ್ಳು ಹಾಗೂ ಪಟ್ಟಿಯನ್ನು ಅಳತೆ ನೋಡಿಯೇ ಕೊಳ್ಳಬೇಕು. ಡಯಲ್ ಸಾಮಾನ್ಯವಾಗಿ 28.5 ಮಿಲಿಮೀಟರ್ ಅಗಲದ್ದು.

ಕೆಲಸಕ್ಕೆ ಕೂರುವ ಮೊದಲು ಫ್ಯಾನನ್ನು ಆರಿಸಿ, ಮೇಜಿನ ಮೇಲೆ ಬಿಳಿಯ ಕಾಗದವನ್ನು ಹಾಸಿರಿ. ಬೆರಳಿಗೆ ರಬ್ಬರಿನ ಟೋಪಿ ಇರಲಿ. ಬೆವರು ಡಯಲಿಗೆ ಕಲೆಯಾಗುತ್ತದೆ. ಡಯಲಿನ ಹಿಂದಿರುವ ಎರಡು ಕಾಲುಗಳನ್ನು ಯಂತ್ರದ ರಂಧ್ರಗಳಿಗೆ ಕೂಡಿಸಿರಿ. ಬಳಿಕ ಗುಂಡಿಯನ್ನು ತಿರುಗಿಸುತ್ತ ಹೋಗಿ, ತಾರೀಖು ಬದಲಾದ ಕ್ಷಣದಲ್ಲಿ ನಿಲ್ಲಿಸಿ, ಗಂಟೆಯ ಮುಳ್ಳು, ನಿಮಿಷದ ಮುಳ್ಳು, ಸೆಕೆಂಡಿನ ಮುಳ್ಳು ಎಂಬ ಕ್ರಮದಲ್ಲಿ ಹನ್ನೆರಡಕ್ಕೆ ಸರಿಯಾಗಿ ಒತ್ತಿರಿ. ಹೀಗೆ ಮಾಡದಿದ್ದರೆ ತಾರೀಖು ಮಧ್ಯಾಹ್ನದೂಟದ ಹೊತ್ತಿಗೆ ಬದಲಾದೀತು! ಮುಳ್ಳುಗಳು ಒಂದನ್ನೊಂದು ಸೋಕಬಾರದು. ಅತ್ತಿತ್ತ ತೂಗುವ ಚಕ್ರವನ್ನೂ ಅದರ ಕೂದಲಿನಂಥ ಸ್ಪ್ರಿಂಗನ್ನೂ ಮುಟ್ಟಲೇಬಾರದು.

ನಿಜವಾದ ಪರೀಕ್ಷೆ ಗುಂಡಿಯ ಕಡ್ಡಿಯದು. ಅದು ಉದ್ದವಾಗಿಯೇ ಬರುತ್ತದೆ. ಕವಚಕ್ಕೆ ತಕ್ಕಂತೆ ಕತ್ತರಿಸಬೇಕು. ನಾನು ಮೊದಲ ಸಲ ಅವಸರದಿಂದ ಒಂದೇ ಏಟಿಗೆ ಕತ್ತರಿಸಿದೆನು. ಕಡ್ಡಿಯು ಗಿಡ್ಡವಾಗಿ, ಗುಂಡಿ ಹಿಡಿಯಲೇ ಇಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಹಲವು ವರ್ಷ ಲೆಕ್ಕ ತಪ್ಪದೆ ಕುಳಿತವನಿಗೆ ಅರ್ಧ ಮಿಲಿಮೀಟರಿನ ಲೆಕ್ಕ ತಪ್ಪಿತ್ತು! ಹೊಸ ಕಡ್ಡಿ ಬರುವ ತನಕ ಕಾಯಬೇಕಾಯಿತು. ಎರಡನೆಯದನ್ನು ಉದ್ದ ಉಳಿಸಿ ಕತ್ತರಿಸಿ, ಅರದಿಂದ ತುಸುತುಸುವೇ ಉಜ್ಜಿ, ಪ್ರತಿ ಸಲವೂ ಕೂಡಿಸಿ ನೋಡಿದೆನು.

ಈ ಯಂತ್ರವು ದಿನಕ್ಕೆ 20 ಸೆಕೆಂಡು ಹಿಂದೆ ಅಥವಾ 40 ಸೆಕೆಂಡು ಮುಂದೆ ಹೋಗಬಹುದೆಂದು ತಯಾರಕರೇ ಹೇಳುತ್ತಾರೆ. ಅಗ್ಗದ ಬ್ಯಾಟರಿ ಗಡಿಯಾರವೇ ಇದಕ್ಕಿಂತ ನಿಖರ. ಹಾಗಿದ್ದೂ ಈ ಶ್ರಮವೇತಕ್ಕೆ? ನಸುಕಿನಲ್ಲಿ ಒಲೆ ಹಚ್ಚುವವನೂ, ಹಾಜರಿ ಪುಸ್ತಕಕ್ಕೆ ಸಹಿ ಮಾಡುವವನೂ ದಿನವೆಲ್ಲ ಪರರ ಗಡಿಯಾರಕ್ಕೆ ದುಡಿಯುವವರು. ತಾನೇ ಜೋಡಿಸಿದ ಗಡಿಯಾರದಲ್ಲಿ ವಾರದ ಒಂದು ರಜೆಯ ಹೊತ್ತನ್ನು ನೋಡಿಕೊಳ್ಳುವ ಸಂತೋಷವನ್ನು ಅವರೂ ಒಮ್ಮೆ ಅನುಭವಿಸಲಿ.