ಪರರ ದೇವರ ಮನೆ ಕಾಯುವವರು

ಕೋಲ್ಕತ್ತದ ಕ್ಯಾನಿಂಗ್ ಸ್ಟ್ರೀಟ್ ಬಳಿಯ ಮಾಗೆನ್ ಡೇವಿಡ್ ಸಿನಗಾಗ್, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರ, ಕೆಂಪು ಇಟ್ಟಿಗೆಯದು, ದೂರಕ್ಕೆ ಚರ್ಚಿನಂತೆ ಕಾಣುತ್ತದೆ. ಬಾಗ್ದಾದಿ ಯೆಹೂದಿ ಎಲಿಯಾಸ್ ಡೇವಿಡ್ ಎಜ್ರಾ 1884ರಲ್ಲಿ ತಂದೆಯ ನೆನಪಿಗೆ ಕಟ್ಟಿಸಿದ್ದು. ಸಾಮೂಹಿಕ ಪ್ರಾರ್ಥನೆಗೆ ಯೆಹೂದಿ ಸಂಪ್ರದಾಯದ ಪ್ರಕಾರ ಹತ್ತು ಗಂಡಸರು ಬೇಕು. ಒಂದು ಕಾಲಕ್ಕೆ ಸಾವಿರಾರು ಯೆಹೂದಿಗಳಿದ್ದ ನಗರದಲ್ಲೀಗ ಅಷ್ಟು ಮಂದಿ ಕೂಡುವುದೇ ಕಷ್ಟ. ಆದರೂ ಚೌಕುಳಿ ನೆಲ ಫಳಫಳ ಹೊಳೆಯುತ್ತದೆ. ತಲೆಮಾರುಗಳಿಂದ ಅದನ್ನು ನೋಡಿಕೊಂಡವರು ಮುಸ್ಲಿಂ ಕುಟುಂಬದವರು. ಒಳಗೆ ಕಾಲಿಡುವ ಮುನ್ನ ನನಗೆ ತಲೆಗೆ ಟೋಪಿ ಕೊಟ್ಟವರೂ ಅವರೇ. 1881ರಲ್ಲಿ ಶುರುವಾದ ಇದೇ ನಗರದ ಯೆಹೂದಿ ಹೆಣ್ಣುಮಕ್ಕಳ ಶಾಲೆಯಲ್ಲೂ ಇಂದು ಓದುವವರು ಹೆಚ್ಚಾಗಿ ಮುಸ್ಲಿಂ ಹುಡುಗಿಯರು. ಧರ್ಮದ ಜಗಳಗಳ ಸುದ್ದಿ ಓದಿ ರೋಸಿದ್ದ ನನಗೆ ಸಿನಗಾಗಿನ ಬೆಂಚಿನ ಮೇಲೆ ಸುಮ್ಮನೆ ಕೂತದ್ದೇ ಸಮಾಧಾನ ತಂದಿತು. ಪರರ ದೇವರ ಮನೆ ಗುಡಿಸುವುದೂ ಪೂಜೆಯೇ. ಕೋಲ್ಕತ್ತಕ್ಕೆ ಹೋದರೆ ಕಾಳಿಘಾಟಿನ ಜೊತೆಗೆ ಇದನ್ನೂ ನೋಡಿ ಬನ್ನಿ.