ಪ್ರಾಚೀನ ಕಠಾರಿಗಳ ದೇಶನಿರ್ಣಯ

ಬಂಕಾಪುರದ ಕೋಟೆಯಲ್ಲಿರುವ ಶಕ ೯೭೭ರ (ಕ್ರಿ. ಶ. ೧೦೫೫) ಶಾಸನವು ತನ್ನ ಕಾಲವನ್ನೂ ಚಾಲುಕ್ಯರ ಆಳಿಕೆಯನ್ನೂ ತಾನೇ ಹೇಳುತ್ತದೆ. ಆಯುಧಗಳಲ್ಲಿ ಇಂತಹ ಲೇಖವಿರುವುದು ವಿರಳ. ಆದುದರಿಂದ ಹಳೆಯ ಕಠಾರಿಯೊಂದು ಯಾವ ನಾಡಿನದೆಂಬುದನ್ನು ಅದರ ಅಂಗಲಕ್ಷಣಗಳಿಂದಲೇ ಅನುಮಾನಿಸಬೇಕಾಗುವುದು. ಈ ಅನುಮಾನದಲ್ಲಿ ಹೇತುವು ಸವ್ಯಭಿಚಾರವಾದರೆ ನಿರ್ಣಯವು ನಿಲ್ಲಲಾರದು.

ಕರ್ಣಾಟಕದಲ್ಲಿ ಕೊಡಗಿನ ಆಯುಧಗಳು ಇದಕ್ಕೆ ತಕ್ಕ ನಿದರ್ಶನ. ಕೊಡವರ ಪೀಚೆಕತ್ತಿಯು ಚೇಲೆಯೆಂಬ ನಡುಕಟ್ಟಿನಲ್ಲಿ ಮುಂಗಡೆ ಸಿಕ್ಕಿಸುವ ಗಿಡ್ಡ ಕಠಾರಿ. ಅದರ ಒರೆಗೆ ಬೆಳ್ಳಿಯ ಕಟ್ಟೂ ಸರಪಳಿಯೂ ಇರುವುದುಂಟು. ಒಡಿಕತ್ತಿಯಾದರೋ ಅಗಲವಾಗಿ ಮುಂಬಾಗಿದ ಅಲಗುಳ್ಳದ್ದು. ಅದನ್ನು ಬೆನ್ನ ಹಿಂದೆ ‘ತೊಡಂಗ್’ ಎಂಬ ಲೋಹದ ಕೊಂಡಿಯಲ್ಲಿ ಧರಿಸುವರು. ನೆರೆಯ ಮಲೆಯಾಳದಲ್ಲಿಯೂ ಹೋಲುವ ಕತ್ತಿಗಳಿರುವುದರಿಂದ ಬೆಳ್ಳಿಯ ಕೆಲಸವೊಂದನ್ನೇ ನೋಡಿ ‘ಇದು ಕೊಡಗಿನದು’ ಎನ್ನಲಾಗದು. ಅಲಗು, ಹಿಡಿ, ಒರೆ, ಧರಿಸುವ ಕ್ರಮ ಇವು ನಾಲ್ಕೂ ಒಂದೇ ಕಡೆಗೆ ಬೆರಳು ತೋರಬೇಕು. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಪೂಜೆಯು ಇಂದಿಗೂ ನಡೆಯುತ್ತಿರುವುದರಿಂದ ಹೆಸರೂ ಬಳಕೆಯೂ ಅಲ್ಲಿ ಉಳಿದುಬಂದಿವೆ. ಇದು ಶೋಧಕನಿಗೆ ದೊಡ್ಡ ಸಹಾಯ.

ಮಲಯ ದ್ವೀಪಾಂತರಗಳ ‘ಕೆರಿಸ್’ ಎಂಬ ಕಠಾರಿಯಲ್ಲಿ ತೊಡಕು ಇನ್ನೂ ಹೆಚ್ಚು. ಅದರ ಅಲಗು ಬುಡದಲ್ಲಿ ಒಂದು ಪಕ್ಕಕ್ಕೆ ಅಗಲವಾಗಿರುವುದು. ಡೊಂಕುಗಳಿದ್ದರೆ ಅವುಗಳ ಸಂಖ್ಯೆ ಸಾಮಾನ್ಯವಾಗಿ ಬೆಸ. ಜಾವಾದಲ್ಲಿ ಪಾಷಾಣವನ್ನೂ ನಿಂಬೆಯ ರಸವನ್ನೂ ಲೇಪಿಸಿ ಉಕ್ಕಿನ ಪದರಗಳ ‘ಪಾಮೊರ್’ ಎಂಬ ಚಿತ್ತಾರವನ್ನು ಎತ್ತಿ ತೋರಿಸುವರು. ಬಾಲಿಯ ಅಲಗು ಸಾಮಾನ್ಯವಾಗಿ ಜಾವಾದ್ದಕ್ಕಿಂತ ದೊಡ್ಡದು, ನುಣುಪಾದುದು. ಬುಗಿ ಜನರ ಹಿಡಿ ಪಿಸ್ತೂಲಿನಂತೆ ಬಾಗಿರುವುದು. ಪಟಾನಿ, ಕೆಲಂತಾನ್ ಪ್ರಾಂತಗಳ ಹಿಡಿಯಲ್ಲಿ ನೀಳ ಮೂಗಿನ ಮುಖವಿರುವುದು. ಆದರೆ ಕಾಣಿಕೆಯಾಗಿಯೂ ಸರಕಾಗಿಯೂ ಅಲಗುಗಳು ಕಡಲು ದಾಟಿ ಹೋಗಿ, ಸೇರಿದ ನಾಡಿನ ಹಿಡಿಯನ್ನೂ ಒರೆಯನ್ನೂ ತೊಟ್ಟವು. ಹೀಗಾಗಿ ಹಿಡಿಯು ಸಾರುವುದು ಕೊನೆಗೆ ತೊಡಿಸಿದವರ ನಾಡನ್ನು, ಕಾಸಿ ಬಡಿದವರ ನಾಡನ್ನಲ್ಲ.

ಓಲೆಯ ಪ್ರತಿಯು ದೊರೆತ ಊರೇ ಕವಿಯ ಊರಲ್ಲವೆಂಬುದನ್ನು ಗ್ರಂಥಸಂಪಾದಕರು ಬಲ್ಲರು. ಅಂತೆಯೇ ಇಲ್ಲಿಯೂ ಅಲಗು ಹುಟ್ಟಿದ್ದೆಲ್ಲಿ, ಹಿಡಿ ಒರೆಗಳು ಕೂಡಿದ್ದೆಲ್ಲಿ, ವಸ್ತು ದೊರೆತದ್ದೆಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಬೇರ್ಪಡಿಸಬೇಕು. ಇವನ್ನು ಬೆರಸಿ ಬರೆದ ಚೀಟಿಯೊಂದು ವಸ್ತುಸಂಗ್ರಹಾಲಯದಲ್ಲಿ ಅಂಟಿತೆಂದರೆ, ಮುಂದೆ ಅದೇ ವ್ಯಾಪಾರಕ್ಕೂ ವಲಸೆಗೂ ಪ್ರಮಾಣವೆನಿಸಿ ಇಲ್ಲದ ಚರಿತ್ರೆಯನ್ನು ಕಟ್ಟಿಬಿಡುವುದು. ನಾಲ್ಕು ಲಕ್ಷಣಗಳು ಒಮ್ಮತವಾಗದ ಕಡೆ ಒಂದೇ ನಾಡಿನ ಹೆಸರನ್ನು ಬರೆಯದೆ, ಅಲಗಿನ ನಾಡನ್ನೂ ಹಿಡಿಯ ನಾಡನ್ನೂ ಬೇರೆ ಬೇರೆಯಾಗಿ ನಮೂದಿಸುವುದೇ ಶಾಸ್ತ್ರಸಮ್ಮತವಾದ ಮಾರ್ಗ.