ಆಟ ಸೋತಾಗ ಮೈ ಯಾಕೆ ಬಿಸಿಯಾಗುತ್ತದೆ?

ಮೊನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಎಂಟನೇ ತರಗತಿಯ ಹುಡುಗನೊಬ್ಬ ಬಂದು ನಿಂತ. "ಸಾರ್, ಅಮ್ಮನ ಮೊಬೈಲು ಗೋಡೆಗೆ ಎಸೆದುಬಿಟ್ಟೆ" ಅಂದ. ಅಮ್ಮ ಬೀಡಿ ಕಟ್ಟುವವರು. ಮೊಬೈಲಿನ ಕಂತು ಇನ್ನೂ ಮುಗಿದಿಲ್ಲ. ಆಟದಲ್ಲಿ ಒಬ್ಬನೇ ಎದುರಾಳಿ ಉಳಿದಿದ್ದನಂತೆ, ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತಂತೆ. "ಎಸೀಬೇಕೂಂತ ಇರ್ಲಿಲ್ಲ ಸಾರ್, ಕೈ ತಾನಾಗಿ ಹೋಯ್ತು."

ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ನನಗನ್ನಿಸಲಿಲ್ಲ. ಯಾಕೆ ಗೊತ್ತೇ?

ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡುವ ನರಕೋಶಗಳನ್ನು ಗಮನಿಸಿದರು. ಮಂಗಕ್ಕೆ ಮೊದಲು ಒಂದು ಸೂಚನೆ, ಸ್ವಲ್ಪ ಹೊತ್ತಿಗೆ ಹಣ್ಣಿನ ರಸ. ಮೊದಮೊದಲು ರಸ ಸಿಕ್ಕಾಗ ಈ ನರಕೋಶಗಳು ಚುರುಕಾಗುತ್ತಿದ್ದವು. ಪಾಠ ಕಲಿತ ಮೇಲೆ ಸೂಚನೆ ಕಂಡ ಕೂಡಲೇ ಚುರುಕಾಗತೊಡಗಿದವು. ಇನ್ನು ಸೂಚನೆ ಕೊಟ್ಟು ರಸ ಕೊಡದಿದ್ದರೆ? ರಸ ಬರಬೇಕಾಗಿದ್ದ ಆ ಹೊತ್ತಿಗೆ ಸರಿಯಾಗಿ ಅವುಗಳ ಚಟುವಟಿಕೆ ಎಂದಿನ ಮಟ್ಟಕ್ಕಿಂತಲೂ ಕೆಳಗಿಳಿಯಿತು! ಅಂದರೆ ಈ ನರಕೋಶಗಳು ಸಿಕ್ಕಿದ್ದನ್ನು ಮಾತ್ರವಲ್ಲ, ಸಿಗುತ್ತದೆಂದು ಕಾದದ್ದನ್ನೂ ಲೆಕ್ಕ ಹಾಕುತ್ತವೆ. ಆಟದ ಮೊದಲ ನಿಮಿಷದಲ್ಲಿ ಔಟಾದರೆ ನಗುತ್ತೀರಿ, ಕೊನೆಯ ಒಬ್ಬನ ಎದುರು ಸೋತರೆ ಹಲ್ಲು ಕಡಿಯುತ್ತೀರಿ. ಇದೇ ಲೆಕ್ಕ ಅಲ್ವಾ?

ಈಗ ದೇಹದ ಕಡೆ ನೋಡಿ. ಮೆದುಳಿನ ಆಳದಲ್ಲಿ ಬಾದಾಮಿ ಆಕಾರದ ಅಮಿಗ್ಡಲಾ ಇದೆ. ಅಪಾಯ ಬಂತು ಎಂದು ಕೂಗುವ ಕಾವಲುಗಾರ. ಅದು ಕೂಗಿದರೆ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆ ಡವಡವ, ಅಂಗೈ ಬೆವರು, ಉಸಿರು ಜೋರು. ಓಡಲು ಅಥವಾ ಹೊಡೆದಾಡಲು ಮೈ ತಯಾರು. ನೀವಾದರೋ ಚಾಪೆಯ ಮೇಲೆ ಕೂತಿದ್ದೀರಿ! ಗೆಳೆಯರ ಜೊತೆ ಆಡುವ ಮೊದಲು, "ಸೋತರೆ ಬೈತಾರೆ" ಅಂತ ಹೊಟ್ಟೆ ಕಿವುಚುವುದೂ ಇದೇ ತಯಾರಿಯಿಂದ.

ತಡೆಯುವ ಬ್ರೇಕು ಹಣೆಯ ಹಿಂದಿನ ಮೆದುಳಿನಲ್ಲಿದೆ. ಅದು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಹಾಗಂತ ಮೊಬೈಲು ಒಡೆದು ಮೆದುಳಿನ ಮೇಲೆ ದೂರು ಹಾಕಬೇಡಿ. ಹದಿಮೂರಕ್ಕೂ ಬ್ರೇಕು ಇದೆ, ಹಿಡಿಯಲು ಸ್ವಲ್ಪ ಹೊತ್ತು ಬೇಕು, ಅಷ್ಟೆ. (ಕ್ರಿಕೆಟ್ ನೋಡುವಾಗ ಐವತ್ತು ದಾಟಿದ ನನಗೂ ಬೇಕು.) "ಇನ್ನೊಂದೇ ಆಟ" ಅಂತ ಸಿಟ್ಟಿನಲ್ಲೇ ಶುರು ಮಾಡಿದರೆ ಆ ಹೊತ್ತೇ ಸಿಗುವುದಿಲ್ಲ.

ಒಂದು ಪ್ರಯೋಗ ಮಾಡಿ. ಮಣಿಕಟ್ಟಿನಲ್ಲಿ 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. ಆಟಕ್ಕೆ ಮೊದಲು ಒಮ್ಮೆ, ಸೋತ ಕೂಡಲೇ ಒಮ್ಮೆ, ಮೊಬೈಲು ಕೆಳಗಿಟ್ಟು ಐದು ನಿಮಿಷ ಅಂಗಳದಲ್ಲಿ ನಡೆದ ಮೇಲೆ ಒಮ್ಮೆ. ಪಕ್ಕದಲ್ಲಿ ಆಗ ಏನನ್ನಿಸಿತು ಎಂದು ಒಂದೇ ಪದದಲ್ಲಿ ಬರೆಯಿರಿ: ಸಿಟ್ಟು, ನಾಚಿಕೆ, ಹೆದರಿಕೆ, ಬೇಜಾರು. ಭಾವನೆಗೆ ಹೆಸರಿಟ್ಟರೆ ಅಮಿಗ್ಡಲಾದ ಅಬ್ಬರ ತಗ್ಗುತ್ತದೆ ಎಂದು ಮೆದುಳಿನ ಸ್ಕ್ಯಾನ್‌ಗಳು ತೋರಿಸಿವೆ.

ಆಡುವವರೆಲ್ಲ ರೋಗಿಗಳಲ್ಲ. ಆದರೆ ಊಟ, ನಿದ್ದೆ, ಓದು ಎಲ್ಲ ಕೆಟ್ಟರೂ ಬಿಡಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಅಂಥದ್ದು ಕಂಡರೆ ಮನೆಯವರಿಗೆ ಅಥವಾ ಅಧ್ಯಾಪಕರಿಗೆ ಹೇಳಿ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೂ ಆಗುತ್ತದೆ, ಹಣ ಕೊಡಬೇಕಾಗಿಲ್ಲ.

ಆ ಹುಡುಗ ಈಗ ಅಣ್ಣನ ಮೊಬೈಲಿನಲ್ಲಿ ಆಡುತ್ತಾನೆ. ಕೋಷ್ಟಕ ತಂದು ತೋರಿಸಿದ: 84, 120, 92. ಮೂರನೆಯದರ ಪಕ್ಕ "ಹಸಿವು" ಎಂದು ಬರೆದಿದ್ದ. ನಿಮ್ಮದನ್ನೂ ಕಳುಹಿಸಿ.